ಹೊಣೆ ಒಬ್ಬರದು, ಕೈ ಇನ್ನೊಬ್ಬರದು: ಪಟ್ಟಂದೂರು ಅಗ್ರಹಾರದ ಸುತ್ತಮುತ್ತ ಆರೈಕೆಯ ಚರಿತ್ರೆ

ಕನ್ನಡದ ‘ನೋಡಿಕೊಳ್ಳುವುದು’ ಎಂಬ ಮಾತಿನೊಳಗೆ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಕೈಕಾಲು ಸ್ವಾಧೀನದಲ್ಲಿಲ್ಲದ ಮಗನನ್ನು ಅಪ್ಪ ನೋಡಿಕೊಳ್ಳುತ್ತಾನೆ ಎಂದರೆ ಖರ್ಚು ನಿಭಾಯಿಸುತ್ತಾನೆ, ಆಸ್ಪತ್ರೆಗೆ ಸೇರಿಸುತ್ತಾನೆ, ಕಾಗದಕ್ಕೆ ರುಜು ಹಾಕುತ್ತಾನೆ ಎಂದು ಅರ್ಥ. ಅದೇ ಮಗನನ್ನು ಅಮ್ಮ ನೋಡಿಕೊಳ್ಳುತ್ತಾಳೆ ಎಂದರೆ ಎತ್ತಿ ಕೂರಿಸುತ್ತಾಳೆ, ಉಣಿಸುತ್ತಾಳೆ, ತೊಳೆಯುತ್ತಾಳೆ, ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸುತ್ತಾಳೆ. ಮೊದಲನೆಯದು ಹೊಣೆ, ಎರಡನೆಯದು ಕೈಕೆಲಸ. ಅಂಗವಿಕಲರ ಆರೈಕೆಯಲ್ಲಿ ಹೆಣ್ಣು ಗಂಡುಗಳ ಪಾಲು ಹೇಗೆ ಬದಲಾಗುತ್ತ ಬಂತು ಎಂಬುದನ್ನು ತಿಳಿಯಲು ಈ ಎರಡನ್ನು ಬಿಡಿಸಿ ನೋಡಬೇಕು. ಹೊಣೆಗೆ ಶಾಸನ, ಸ್ಮೃತಿ, ಕಾಯಿದೆ, ಪಾಲುಪಟ್ಟಿಗಳ ದಾಖಲೆಯಿದೆ. ಕೈಕೆಲಸಕ್ಕೆ ದಾಖಲೆ ತೀರಾ ಕಡಿಮೆ.

ಬೆಂಗಳೂರು ಪೂರ್ವದ ಪಟ್ಟಂದೂರು ಅಗ್ರಹಾರ ಈ ಚರಿತ್ರೆಯನ್ನು ನೋಡಲು ಒಳ್ಳೆಯ ಜಾಗ. ಕಾಡುಗೋಡಿಯ ತಮಿಳು ಶಾಸನವೊಂದು 1043ರಲ್ಲಿ, ರಾಜೇಂದ್ರ ಚೋಳನ ಆಳ್ವಿಕೆಯಲ್ಲಿ, ಪಟ್ಟಂದೂರಿನ ಕೆರೆ ಕಟ್ಟಿಸಿದ್ದನ್ನೂ ಗಣೇಶ, ದುರ್ಗೆ, ಕ್ಷೇತ್ರಪಾಲರ ಪ್ರತಿಷ್ಠೆಯಾದದ್ದನ್ನೂ ಹೇಳುತ್ತದೆ. ಊರ ಹೆಸರಿನ ‘ಅಗ್ರಹಾರ’ ಬ್ರಾಹ್ಮಣರಿಗೆ ಬಿಟ್ಟುಕೊಟ್ಟ ದತ್ತಿ ಗ್ರಾಮವನ್ನು ನೆನಪಿಸುತ್ತದೆ. ಪಕ್ಕದಲ್ಲಿ 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ವೈಟ್‌ಫೀಲ್ಡ್ ಹುಟ್ಟಿತು. 1990ರ ದಶಕದಲ್ಲಿ ಇದೇ ನೆಲದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಎದ್ದಿತು; 2023ರ ಮಾರ್ಚ್ 25ರಂದು ಊರ ಹೆಸರಿನ ಮೆಟ್ರೊ ನಿಲ್ದಾಣ ಉದ್ಘಾಟನೆಯಾಯಿತು. ಕೆರೆ ಕೆಳಗಿನ ಬೇಸಾಯದ ಕುಟುಂಬವೂ ಹನ್ನೆರಡನೇ ಮಹಡಿಯ ಫ್ಲ್ಯಾಟಿನ ಕುಟುಂಬವೂ ಇಲ್ಲಿ ಕೂಗಳತೆಯಲ್ಲಿವೆ.

ಹೊಣೆಯ ದಾಖಲೆ ಕರ್ನಾಟಕದಲ್ಲೇ ಬರೆದ ಒಂದು ಗ್ರಂಥದಿಂದ ಆರಂಭವಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ಆಸ್ತಿ ಕಾನೂನಿನ ಬುನಾದಿಯಾಯಿತು. ಕುರುಡ, ಹೆಳವ, ಬುದ್ಧಿಭ್ರಮಣೆಯಾದವನು, ವಾಸಿಯಾಗದ ರೋಗದವನು ಇಂಥವರಿಗೆ ಆಸ್ತಿಯಲ್ಲಿ ಪಾಲಿಲ್ಲ, ಆದರೆ ಅವರನ್ನು ಸಾಕಲೇಬೇಕು ಎಂಬುದು ಅಲ್ಲಿಯ ನಿಯಮ. ಅವರ ಗಂಡುಮಕ್ಕಳು ನ್ಯೂನತೆಯಿಲ್ಲದವರಾಗಿದ್ದರೆ ಪಾಲು ಪಡೆಯಬಹುದು. ಹೆಣ್ಣುಮಕ್ಕಳನ್ನು ಮದುವೆಯಾಗುವವರೆಗೆ ಸಾಕಬೇಕು. ಮಕ್ಕಳಿಲ್ಲದ ಹೆಂಡತಿಯರು ನಡತೆಗೆಟ್ಟಿರದಿದ್ದರೆ ಅವರಿಗೂ ಜೀವನಾಂಶ ಕೊಡಬೇಕು. ಪಾಲಾಗುವ ಮೊದಲು ಇದ್ದ ನ್ಯೂನತೆಯಷ್ಟೇ ಹಕ್ಕನ್ನು ತಪ್ಪಿಸುತ್ತದೆ, ಮದ್ದಿನಿಂದ ಗುಣವಾದರೆ ಪಾಲು ಮರಳಿ ಬರುತ್ತದೆ ಎಂದೂ ವಿಜ್ಞಾನೇಶ್ವರ ಬಿಡಿಸಿ ಹೇಳುತ್ತಾನೆ.

ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದ ಗ್ರಂಥದ ಮುಂದೆ ಒಂದು ಪ್ರಶ್ನೆ ಬರುವುದೇ ಇಲ್ಲ: ಸಾಕುವವರು ಯಾರು? ಅನ್ನದ ಋಣ ಆಸ್ತಿ ಹಿಡಿದ ಗಂಡಸಿನದು. ಆ ಅನ್ನವನ್ನು ಬೇಯಿಸಿ, ಕಲಸಿ, ಬಾಯಿಗಿಡುವವಳು ಆ ಗಂಡಸಿನ ಮನೆಯ ಹೆಂಗಸು ಎಂಬುದು ಹೇಳಬೇಕಿಲ್ಲದಷ್ಟು ಸಹಜವಾಗಿತ್ತು. ಅಂಗವಿಕಲನ ಹೆಂಡತಿಗೆ ಜೀವನಾಂಶ ಸಿಗುವುದೂ ನಡತೆಯ ಷರತ್ತಿನ ಮೇಲೆ. ಹಗಲಿರುಳು ಅವಳು ಮಾಡಿದ ಚಾಕರಿಗೆ ಅಲ್ಲಿ ಬೆಲೆ ಕಟ್ಟಿಲ್ಲ.

ಮನೆಯ ಹೊರಗಿನ ಆರೈಕೆಯ ಚಿತ್ರ ಬೇರೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ, ಮಠವು ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಸದಾ ಅನ್ನವಿಕ್ಕುವ ಮತ್ತು ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನೀಡುವ ಜಾಗವೆಂದು ವರ್ಣಿಸುತ್ತದೆ. ಅದನ್ನು ನಡೆಸಿದವರು ಕಾಳಾಮುಖ ಶೈವ ಯತಿಗಳು. ಗಂಡಸರು ಬೇರೆಯವರ ಆರೈಕೆಗೆ ನಿಂತ ಹಳೆಯ ಉದಾಹರಣೆ ಇದು. ಆದರೆ ಅವರು ಸಂಸಾರ ಬಿಟ್ಟವರು. ಗಂಡಸಿನ ಕೈ ಆರೈಕೆಗೆ ಬಂದದ್ದು ಧರ್ಮದ ಹೆಸರಿನಲ್ಲಿ, ಮನೆಯಿಂದಾಚೆ, ತನ್ನ ರಕ್ತಸಂಬಂಧಿಗಳಲ್ಲದವರಿಗಾಗಿ. ಇದೇ ಮಾದರಿ ಎಂಟು ಶತಮಾನಗಳ ನಂತರವೂ ಕಾಣಿಸಿಕೊಳ್ಳುತ್ತದೆ.

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಕೈಕೆಲಸ ಯಾವ ಹೆಂಗಸಿಗೆ ಬರುತ್ತಿತ್ತು ಎಂಬುದಕ್ಕೂ ಒಂದು ಕ್ರಮವಿತ್ತು. ಮೊದಲು ತಾಯಿ. ಅವಳು ಹೊಲಕ್ಕೋ ಕೂಲಿಗೋ ಹೋದರೆ ಅಜ್ಜಿ. ರಾಗಿ ಕಳೆ ತೆಗೆಯುವ ಕಾಲದಲ್ಲಿ ಅಜ್ಜಿಗೂ ಬಿಡುವಿಲ್ಲದಿದ್ದರೆ ಹತ್ತು ಹನ್ನೆರಡು ವರ್ಷದ ಅಕ್ಕ. ಆ ಹುಡುಗಿಯ ಶಾಲೆ ಅಲ್ಲಿಗೆ ನಿಲ್ಲುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಹೊಣೆ ಅಣ್ಣನಿಗೆ ಬರುತ್ತಿತ್ತು, ಕೈಕೆಲಸ ಅಣ್ಣನ ಹೆಂಡತಿಗೆ. ಈ ಕ್ರಮದ ತೀರ ಕಷ್ಟದ ಕೊಂಡಿ ಅತ್ತಿಗೆ. ಯಾರನ್ನು ಮದುವೆಯಾಗುತ್ತೀಯೆಂದು ಅವಳನ್ನು ಕೇಳಿರಬಹುದು, ಯಾರನ್ನು ಎತ್ತಿಳಿಸಬೇಕೆಂದು ಕೇಳಿರಲಿಲ್ಲ. ಮೈದುನ ಗಂಡಸಾಗಿದ್ದರೆ ಮೈ ಮುಟ್ಟುವ ಸಂಕೋಚ ಬೇರೆ. ಸ್ನಾನ, ಶೌಚಗಳಿಗೆ ಆಗ ಅಣ್ಣನ ಮಗ ಬರಬೇಕಿತ್ತು. ಅಂಗವಿಕಲ ಗಂಡಸಿನ ಆರೈಕೆಯಲ್ಲಿ ಮನೆಯ ಹುಡುಗರ ಕೈ ಬೀಳುತ್ತಿದ್ದುದು ಹೆಚ್ಚಾಗಿ ಈ ಒಂದು ಸಂದರ್ಭದಲ್ಲಿ. ಹೊತ್ತು ಜಾತ್ರೆಗೆ ಕರೆದೊಯ್ಯುವುದು, ಎತ್ತಿನ ಗಾಡಿಗೆ ಏರಿಸುವುದು, ಕೋಲು ಹಿಡಿದು ದಾರಿ ತೋರಿಸುವುದು ಗಂಡಸರ ಪಾಲಿಗೆ ಬಂದವು. ಹೊಸಿಲಿನ ಒಳಗಿನದೆಲ್ಲ ಹೆಂಗಸರದು.

ಅಗ್ರಹಾರದ ಬ್ರಾಹ್ಮಣ ಮನೆಗಳಲ್ಲಿ ಇನ್ನೊಬ್ಬಳಿದ್ದಳು: ತವರಿನಲ್ಲೇ ಉಳಿದ ಬಾಲವಿಧವೆ. ಅವಳಿಗೆ ಸ್ವಂತ ಸಂಸಾರವಿಲ್ಲ, ಹೋಗಲು ಬೇರೆ ಠಾವಿಲ್ಲ. ಹೀಗಾಗಿ ಬಾಣಂತನ, ಹಾಸಿಗೆ ಹಿಡಿದ ಮುದುಕರು, ಬುದ್ಧಿ ಬೆಳೆಯದ ಕೂಸು ಎಲ್ಲವೂ ಅವಳ ಪಾಲಿಗೆ ಬರುತ್ತಿತ್ತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ 1976ರಲ್ಲಿ ಬಂದು, 1983ರಲ್ಲಿ ಪ್ರೇಮಾ ಕಾರಂತರ ನಿರ್ದೇಶನದಲ್ಲಿ ಚಲನಚಿತ್ರವಾದಾಗ ಕನ್ನಡಿಗರು ಗುರುತಿಸಿದ್ದು ತಮ್ಮ ತಮ್ಮ ಮನೆಗಳಲ್ಲೇ ಇದ್ದ ಅಂಥ ಹೆಂಗಸನ್ನು. ಅವಳಿಗೂ ಮಿತಾಕ್ಷರದ ಪ್ರಕಾರ ಜೀವನಾಂಶವಷ್ಟೇ. ಪಾಲಿಲ್ಲದ ಅಂಗವಿಕಲನನ್ನು ಪಾಲಿಲ್ಲದ ವಿಧವೆ ಸಾಕುತ್ತಿದ್ದಳು ಎಂಬುದು ಈ ಚರಿತ್ರೆಯ ಮನಕಲಕುವ ಸಂಗತಿಗಳಲ್ಲಿ ಒಂದು.

ಅಂಗವಿಕಲರಲ್ಲೂ ಗಂಡಿಗೆ ಒಂದು, ಹೆಣ್ಣಿಗೆ ಒಂದು ದಾರಿಯಿತ್ತು. ಕಾಲಿಲ್ಲದ, ಮಾತು ಬಾರದ ಗಂಡಿಗೆ ನೆಂಟರಲ್ಲೇ ಹೆಣ್ಣು ತರುವುದು ಅಪರೂಪವಾಗಿರಲಿಲ್ಲ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ನಡೆದ ಶಿಶು ತಪಾಸಣೆಯ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದೆಂದು ತಿಳಿದುಬಂದಿತ್ತು. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಗಳೂ ಅದರಲ್ಲಿ ಸೇರಿದ್ದವು. ಅಕ್ಕನ ಮಗಳನ್ನೇ ತಂದುಕೊಂಡರೆ ‘ನಮ್ಮವಳೇ ಆದ್ದರಿಂದ ನೋಡಿಕೊಳ್ಳುತ್ತಾಳೆ’ ಎಂಬ ಭರವಸೆ ಹಿರಿಯರಿಗೆ. ಅದೇ ನ್ಯೂನತೆಯಿರುವ ಹೆಣ್ಣಿಗೆ ಗಂಡು ಸಿಗುತ್ತಿರಲಿಲ್ಲ. ಅವಳು ತವರಿನಲ್ಲೇ ಉಳಿದು, ಕೂತಲ್ಲೇ ಅಕ್ಕಿ ಆರಿಸುತ್ತ, ಅಣ್ಣತಮ್ಮಂದಿರ ಮಕ್ಕಳ ತೊಟ್ಟಿಲು ತೂಗುತ್ತ ತಾನೂ ಆರೈಕೆ ಮಾಡುವವಳಾಗುತ್ತಿದ್ದಳು. 2011ರ ಜನಗಣತಿಯಲ್ಲಿ ಕರ್ನಾಟಕದ 13.24 ಲಕ್ಷ ಅಂಗವಿಕಲರಲ್ಲಿ ಗಂಡಸರು 7.26 ಲಕ್ಷ, ಹೆಂಗಸರು 5.98 ಲಕ್ಷ. ಎಣಿಸುವವರಿಗೆ ಹೆಂಗಸರ ನ್ಯೂನತೆಯನ್ನು ಹೇಳದೆ ಬಿಡುವುದು, ಹೆಣ್ಣುಮಕ್ಕಳಿಗೆ ಆರೈಕೆಯೇ ಕಡಿಮೆ ಸಿಗುವುದು, ಎರಡೂ ಈ ಅಂತರದ ಹಿಂದಿವೆ ಎಂದು ವಿದ್ವಾಂಸರು ಓದಿದ್ದಾರೆ.

ಹತ್ತೊಂಬತ್ತನೇ ಶತಮಾನದಲ್ಲಿ ಆರೈಕೆ ಸಂಬಳದ ಕೆಲಸವಾಗತೊಡಗಿತು. ಆ ಶತಮಾನದ ನಡುವೆ ಸರ್ಜನ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರ ಮುತುವರ್ಜಿಯಿಂದ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಆರಂಭವಾಯಿತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದವು. ಗಂಡಸರ ವಾರ್ಡು, ಹೆಂಗಸರ ವಾರ್ಡು ಬೇರೆ ಬೇರೆ ಇದ್ದುದರಿಂದ ಗಂಡು ರೋಗಿಗಳಿಗೆ ಉಣಿಸುವ, ಮೀಯಿಸುವ, ಹಿಡಿದಿಡುವ ಕೆಲಸಕ್ಕೆ ಗಂಡಾಳುಗಳೇ ಬೇಕಾದರು. ಮನೆಯಲ್ಲಿ ಹೆಂಗಸಿನ ಧರ್ಮವಾಗಿದ್ದ ಕೆಲಸ ಸರ್ಕಾರಿ ಗೋಡೆಯೊಳಗೆ ಸಂಬಳ ಬಂದ ಕೂಡಲೇ ಗಂಡಸಿನ ನೌಕರಿಯೂ ಆಯಿತು.

ಅದೇ ಹೊತ್ತಿಗೆ ಎದುರು ದಿಕ್ಕಿನಿಂದ ಇನ್ನೊಂದು ಬದಲಾವಣೆ. ಗುಡ್ ಶೆಫರ್ಡ್ ಸಂನ್ಯಾಸಿನಿಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ರೋಗಿಯ ಮೈ ಮುಟ್ಟಿ ಮಾಡುವ ಸೇವೆಗೆ ತರಬೇತಿ ಬೇಕು, ಅದು ಗೌರವದ ಕೆಲಸ ಎಂಬ ಭಾವನೆಯನ್ನು ಊರಿನಲ್ಲಿ ಬೇರೂರಿಸಿದವರಲ್ಲಿ ಇಂಥ ಸೋದರಿಯರು ಮುಖ್ಯರು. ನರ್ಸ್ ಎಂದರೆ ಹೆಂಗಸು ಎಂಬ ಗ್ರಹಿಕೆ ಗಟ್ಟಿಯಾದದ್ದೂ ಆಗಲೇ. ಕಂಟೋನ್ಮೆಂಟಿನ ಬಂಗಲೆಗಳಲ್ಲಿ ಪೋರ್ಚುಗೀಸ್ ಮೂಲದ ‘ಆಯಾ’ ಎಂಬ ಪದ ನೆಲೆಯೂರಿತು. ದುಡ್ಡು ಪಡೆದು ಬೇರೆಯವರ ಕೂಸನ್ನೋ ಮುದುಕರನ್ನೋ ನೋಡಿಕೊಳ್ಳುವ ಬಡ ಹೆಂಗಸಿಗೆ ಅದೇ ಹೆಸರು. ವೈಟ್‌ಫೀಲ್ಡಿನ ಮನೆಗಳಲ್ಲಿ ಈಗ ಕೆಲಸ ಮಾಡುವವಳನ್ನು ಅದೇ ಪದದಿಂದ ಕರೆಯುತ್ತಾರೆ.

ಇಪ್ಪತ್ತನೇ ಶತಮಾನದ ಮೊದಲಲ್ಲಿ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ತೆರೆಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆ ಇನ್ನೂ ವಿಶಿಷ್ಟ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಮೂರನ್ನೂ ಕೊಟ್ಟರು. ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ಆಶ್ರಮಕ್ಕೆ ಹಣ ಕೂಡಿಸಿದರು. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಅವರನ್ನು ಗುರುವಿನ ಬಳಿಗೆ ತಂದವರು ಸೋದರಮಾವ. ಇಲ್ಲಿ ಹೊಣೆಯೂ ಕೈಕೆಲಸವೂ ಒಟ್ಟಿಗೆ ಗಂಡಸರಲ್ಲಿದ್ದವು, ನೋಡಿಕೊಳ್ಳುವವರೂ ನೋಡಿಸಿಕೊಳ್ಳುವವರೂ ಅಂಗವಿಕಲರೇ ಆಗಿದ್ದರು. ಬಳ್ಳಿಗಾವೆಯ ಮಠದ ಹಾಗೆ ಇದೂ ಸಂಸಾರದ ಹೊರಗಿನ ಜಾಗವೇ.

ಕಾನೂನಿನ ಮಟ್ಟದಲ್ಲಿ ದೊಡ್ಡ ತಿರುವು 1956ರದು. ರೋಗ, ನ್ಯೂನತೆ, ವಿಕಾರ ಯಾವುದೂ ಯಾರಿಗೂ ಉತ್ತರಾಧಿಕಾರ ತಪ್ಪಿಸಬಾರದೆಂದು ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಕಲಂ ಹೇಳಿತು. ಬ್ರಿಟಿಷ್ ಭಾರತದಲ್ಲಿ 1928ರ ಕಾಯಿದೆ ಇದನ್ನು ಮುಕ್ಕಾಲು ಪಾಲು ಮಾಡಿತ್ತು, ಹುಟ್ಟಿನಿಂದ ಬುದ್ಧಿಮಾಂದ್ಯರಾದವರನ್ನೂ ಹುಚ್ಚರಾದವರನ್ನೂ ಮಾತ್ರ ಹೊರಗಿಟ್ಟಿತ್ತು. ಅದೇ 1956ರ ಇನ್ನೊಂದು ಕಾಯಿದೆ ಮಗುವಿನ ಸ್ವಾಭಾವಿಕ ಪೋಷಕ ತಂದೆ, ಅವನ ನಂತರ ತಾಯಿ ಎಂದಿತು. ಹಗಲಿರುಳು ಮಗುವಿನ ಬಳಿ ಇರುವವಳು ಕಾಗದದ ಮೇಲೆ ಎರಡನೆಯವಳಾದಳು. ‘ಅವನ ನಂತರ’ ಎಂಬುದನ್ನು ತಂದೆ ಸತ್ತ ಮೇಲೆ ಎಂದಷ್ಟೇ ಓದಬಾರದು ಎಂದು ಸುಪ್ರೀಂ ಕೋರ್ಟ್ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಲು 1999ರವರೆಗೆ ಕಾಯಬೇಕಾಯಿತು.

ಬೆಂಗಳೂರಿನಲ್ಲಿ ಈ ಕಟ್ಟನ್ನು ಸಡಿಲಿಸಿದವರಲ್ಲಿ ಅಂಗವೈಕಲ್ಯವಿದ್ದ ಹೆಂಗಸರೇ ಮುಂದಿದ್ದರು. ಎನ್.ಎಸ್. ಹೇಮಾ 1959ರಲ್ಲಿ ಆರಂಭಿಸಿದ ಸಂಸ್ಥೆ ಈಗ ಎಪಿಡಿ ಎಂದೇ ಪರಿಚಿತ. ಅಂಗವಿಕಲರಿಗೆ ಕಸುಬು ಕಲಿಸಿ ಸ್ವಂತ ಕಾಲ ಮೇಲೆ ನಿಲ್ಲಿಸುವುದನ್ನು ಅದು ಮುಖ್ಯ ಗುರಿಯಾಗಿ ಹಿಡಿಯಿತು. ದುಡಿಯುವ ಅಂಗವಿಕಲ ಮನೆಯ ಲೆಕ್ಕದಲ್ಲಿ ಹೊರೆಯಾಗಿ ಉಳಿಯುವುದಿಲ್ಲ, ತಾಯಿಗೂ ಉಸಿರಾಡಲು ಬಿಡುವು ಸಿಗುತ್ತದೆ. 1980ರ ದಶಕದ ಆರಂಭದಲ್ಲಿ ಪೋಷಕರ ಪ್ರಯತ್ನದಿಂದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ರೂಪುಗೊಂಡಿತು. 1994ರಲ್ಲಿ ಓಡಾಟಕ್ಕೆ ನೆರವಾಗುವ ಉಪಕರಣಗಳ ಸಂಸ್ಥೆ ಮೊಬಿಲಿಟಿ ಇಂಡಿಯಾ ಬಂತು. ಕೃತಕ ಕಾಲು, ಕಾಲಿಗೆ ಕಟ್ಟುವ ಕ್ಯಾಲಿಪರ್ ತಯಾರಿಸುವುದು ಆವರೆಗೆ ಗಂಡಸರ ಕಸುಬು. ಕಾಲಿನ ಅಳತೆ ತೆಗೆಯಲು ತೊಡೆಯವರೆಗೆ ಮುಟ್ಟಬೇಕಾದ್ದರಿಂದ ಹಳ್ಳಿಯ ಹೆಣ್ಣುಮಕ್ಕಳು ಗಂಡು ಕುಶಲಕರ್ಮಿಯ ಬಳಿ ಹೋಗಲು ಹಿಂಜರಿದು ಕ್ಯಾಲಿಪರೇ ಬೇಡವೆಂದು ತೆವಳುತ್ತಿದ್ದರು. ಬೆಂಗಳೂರಿನಲ್ಲಿ ಅಂಗವಿಕಲ ಮಹಿಳೆಯರೇ ಈ ಕೆಲಸ ಕಲಿತು, ಹೆಂಗಸರೇ ನಡೆಸುವ ವರ್ಕ್‌ಶಾಪ್ ತೆರೆದದ್ದು ಚಿಕ್ಕ ಸಂಗತಿಯಾಗಿ ಕಂಡರೂ ಈ ಚರಿತ್ರೆಯಲ್ಲಿ ದೊಡ್ಡದು. ಆರೈಕೆ ಪಡೆಯುವವಳೆಂದು ಎಣಿಸಿದ್ದವಳು ಅಲ್ಲಿ ಉಪಕರಣ ಮಾಡಿಕೊಡುವವಳಾದಳು.

ಇದೇ ಕಾಲದಲ್ಲಿ ‘ಸಮುದಾಯ ಆಧಾರಿತ ಪುನರ್ವಸತಿ’ ಎಂಬ ವಿಚಾರ ಬೆಳೆಯಿತು. ಅಂಗವಿಕಲರನ್ನು ಸಂಸ್ಥೆಯೊಳಗೆ ಕೂಡಿಹಾಕುವುದು ಬೇಡ, ಮನೆಯಲ್ಲೇ ವ್ಯಾಯಾಮ, ಕಲಿಕೆ ನಡೆಯಲಿ ಎಂಬುದು ಅದರ ತಿರುಳು. ನಿಮ್ಹಾನ್ಸ್ ಕೂಡ 1970ರ ದಶಕದಿಂದೀಚೆಗೆ ರೋಗಿಯ ಜೊತೆಗೆ ಮನೆಯವರು ಉಳಿಯುವ ಪದ್ಧತಿಗೆ ಒತ್ತು ಕೊಟ್ಟಿತು. ಗೋಡೆಯೊಳಗಿನ ಒಂಟಿತನ ತಪ್ಪಿದ್ದು ಉಪಕಾರವೇ. ಆದರೆ ಸಮುದಾಯ, ಕುಟುಂಬ, ಮನೆಯವರು ಎಂಬ ಮಾತುಗಳೆಲ್ಲ ಕಾರ್ಯರೂಪಕ್ಕೆ ಬರುವಾಗ ಬಹಳ ಕಡೆ ತಾಯಿ ಎಂದೇ ಆದವು. ಫಿಸಿಯೋಥೆರಪಿಯ ವ್ಯಾಯಾಮ ಕಲಿಯಲು ಬಂದವಳು ತಾಯಿ. ದಿನಕ್ಕೆ ಮೂರು ಸಲ ಮಾಡಿಸಬೇಕಾದವಳು ತಾಯಿ. ಸುಧಾರಣೆ ಕಾಣದಿದ್ದರೆ ‘ಸರಿಯಾಗಿ ಮಾಡಿಸಿಲ್ಲ’ ಎಂದು ಕೇಳಿಸಿಕೊಂಡವಳೂ ತಾಯಿ. ಸರ್ಕಾರದ ಕಡೆಯಿಂದ ಮನೆಬಾಗಿಲಿಗೆ ಬಂದವರಲ್ಲೂ ಹೆಚ್ಚಿನವರು ಹೆಂಗಸರು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) 1975ರಲ್ಲಿ ಕರ್ನಾಟಕದಲ್ಲಿ ತಿ. ನರಸೀಪುರದಿಂದ ಶುರುವಾಯಿತು, ಅಂಗನವಾಡಿ ಕಾರ್ಯಕರ್ತೆ, ಆಮೇಲೆ ಆಶಾ ಕಾರ್ಯಕರ್ತೆ, ಗೌರವಧನದ ಮೇಲೆ ದುಡಿದರು. ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಾತ್ರ ಸ್ವತಃ ಅಂಗವಿಕಲರು, ಹೆಂಗಸರೂ ಗಂಡಸರೂ ಇದ್ದಾರೆ. ರಾಜ್ಯ ಸರ್ಕಾರದಲ್ಲಿ ವಿಕಲಚೇತನರ ಇಲಾಖೆಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಜೊತೆಗೇ ಒಬ್ಬ ಸಚಿವರ ಕೈಗೆ ಕೊಡುವುದು ರೂಢಿ. ಆರೈಕೆ ಹೆಂಗಸರ ವಿಷಯ ಎಂಬ ಹಳೆಯ ನಂಬಿಕೆ ಖಾತೆಗಳ ಹಂಚಿಕೆಯಲ್ಲೂ ಉಳಿದಿದೆ.

ಪಟ್ಟಂದೂರು ಅಗ್ರಹಾರದ ಸುತ್ತ 1990ರ ದಶಕದಲ್ಲಿ ಕೈಗಾರಿಕೆ ಮತ್ತು ಐಟಿಗಾಗಿ ಜಮೀನು ಸ್ವಾಧೀನವಾದಾಗ ಒಟ್ಟು ಕುಟುಂಬಗಳು ಒಡೆದವು. 1994ರ ಜುಲೈ 30ರಿಂದ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕದ ತಿದ್ದುಪಡಿ, ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. ಜಮೀನಿಗೆ ಕೋಟಿ ಬೆಲೆ ಬಂದ ಕಾಲ, ಹಕ್ಕು ಬಂದ ಕಾಲ ಎರಡೂ ಒಂದೇ. ಪಾಲುಪಟ್ಟಿಯಲ್ಲಿ ಅಂಗವಿಕಲನ ಪಾಲನ್ನು ‘ನೋಡಿಕೊಳ್ಳುವವರ’ ಹೆಸರಿಗೆ ಸೇರಿಸುವುದು ಇಂಥ ಕಡೆಗಳಲ್ಲಿ ನಡೆದುಬಂದ ವಾಡಿಕೆ. ಆ ಹೆಸರು ಅಣ್ಣನದೋ ತಮ್ಮನದೋ ಆಗಿರುತ್ತದೆ, ಕೈಕೆಲಸ ಮಾಡುವವಳ ಹೆಸರು ಪತ್ರದಲ್ಲಿ ಬರುವುದೇ ಇಲ್ಲ. ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿ ಹೋದ ಮೇಲೂ ತವರಿನಲ್ಲಿರುವ ಅಂಗವಿಕಲ ತಮ್ಮನಿಗೆ ಊಟ ಕಟ್ಟಿಕೊಂಡು ಬರುತ್ತಾರೆ.

ಕೆರೆಯ ದಂಡೆಯ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ನೆಲೆಸಿದವು. ಅಲ್ಲಿ ಅಜ್ಜಿಯಿಲ್ಲ, ಅತ್ತಿಗೆಯಿಲ್ಲ. ನ್ಯೂನತೆಯಿರುವ ಮಗುವನ್ನು ತಾಯಿ ಕೆಲಸದ ಜಾಗಕ್ಕೇ ಹೊತ್ತೊಯ್ಯಬೇಕು, ಇಲ್ಲವೇ ತನ್ನ ಕೂಲಿ ಬಿಡಬೇಕು. ಎತ್ತರದ ಫ್ಲ್ಯಾಟುಗಳಲ್ಲಿ ಏಜೆನ್ಸಿಯಿಂದ ಬಂದ ಹೋಮ್ ನರ್ಸು, ಆಯಾ. ಅವಳು ಬೇರೆಯವರ ಮನೆಯ ಪಾರ್ಶ್ವವಾಯು ರೋಗಿಯನ್ನು ನೋಡಿಕೊಳ್ಳುತ್ತಿರುವಾಗ ಊರಿನಲ್ಲಿರುವ ಅವಳ ಸ್ವಂತ ಮನೆಯ ಆರೈಕೆ ಅವಳ ತಾಯಿಗೋ ಮಗಳಿಗೋ ದಾಟುತ್ತದೆ. ಈ ಸರಪಳಿಯಲ್ಲಿ ಹಣ ಕೈ ಬದಲಾಯಿಸುತ್ತದೆ, ಕೆಲಸ ಮಾತ್ರ ಹೆಂಗಸಿನಿಂದ ಹೆಂಗಸಿಗೆ ಹೋಗುತ್ತದೆ. ಕುಂದಲಹಳ್ಳಿ ಗೇಟಿನ ಬಳಿ 1999ರಲ್ಲಿ ತೆರೆದ ಕರುಣಾಶ್ರಯ, ಗುಣವಾಗದ ಕ್ಯಾನ್ಸರ್ ರೋಗಿಗಳ ಕೊನೆಯ ದಿನಗಳ ಆಸರೆ, ಇಂಥ ಕೆಲಸಕ್ಕೆ ತರಬೇತಿ ಮತ್ತು ಮರ್ಯಾದೆ ಬೇಕೆಂಬುದನ್ನು ಈ ಭಾಗಕ್ಕೆ ತೋರಿಸಿತು.

2001ರ ಜನವರಿ 19ರಂದು ಪ್ರಧಾನಿ ವಾಜಪೇಯಿ ಉದ್ಘಾಟಿಸಿದ ವೈಟ್‌ಫೀಲ್ಡಿನ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಹೃದ್ರೋಗ, ನರರೋಗಗಳಿಗೆ ಉಚಿತ ಚಿಕಿತ್ಸೆ ಕೊಡುತ್ತ ಬಂದಿದೆ. ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಮನೆಗೆ ಮರಳುವವರಲ್ಲಿ ಹಲವರಿಗೆ ತಿಂಗಳುಗಟ್ಟಲೆ ಆರೈಕೆ ಬೇಕು. ಆಸ್ಪತ್ರೆಯಲ್ಲಿ ಸತ್ಯಸಾಯಿ ಭಕ್ತರ ಸೇವಾದಳದ ಗಂಡಸರು, ಸಂಬಳದ ಹುದ್ದೆಗಳಲ್ಲಿದ್ದವರೂ, ರಜೆ ಹಾಕಿ ಬಂದು ಗುರುತಿಲ್ಲದವರಿಗಾಗಿ ದುಡಿಯುತ್ತಾರೆ. ಆ ಭಕ್ತಿ ನಿಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಬಳ್ಳಿಗಾವೆಯಿಂದ ಇಲ್ಲಿಯವರೆಗೂ ಗಂಡಸಿನ ಆರೈಕೆ ‘ಸೇವೆ’ ಎಂಬ ಹೆಸರು ಪಡೆದಿದೆ. ಹೆಂಗಸಿನದು ‘ಮನೆಕೆಲಸ’ವಾಗಿಯೇ ಉಳಿದಿದೆ.

ಅಂಕಿಗಳೂ ಇದನ್ನೇ ಹೇಳುತ್ತವೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯವರಿಗೆ ಸಂಬಳವಿಲ್ಲದ ಆರೈಕೆ ಮಾಡುವವರು ಹೆಂಗಸರಲ್ಲಿ ಶೇ 27.6, ಗಂಡಸರಲ್ಲಿ ಶೇ 14. ಹಾಗೆ ಮಾಡುವವರಲ್ಲೂ ಹೆಂಗಸು ದಿನಕ್ಕೆ ಸರಾಸರಿ 134 ನಿಮಿಷ, ಗಂಡಸು 76 ನಿಮಿಷ ಕೊಡುತ್ತಾರೆ.

ನೌಕರಿಯ ನಿಯಮಗಳು ನಿಧಾನವಾಗಿ ಬದಲಾಗಿವೆ. ಕೇಂದ್ರ ಸರ್ಕಾರಿ ನೌಕರರ 730 ದಿನಗಳ ಶಿಶುಪಾಲನಾ ರಜೆ 2008ರಲ್ಲಿ ಬಂದಾಗ ಮಹಿಳೆಯರಿಗಷ್ಟೇ ಇತ್ತು. ನಂತರ ಒಂಟಿ ತಂದೆಗೂ ವಿಸ್ತರಿಸಿತು. ಹೆಂಡತಿ ಇರುವ ತಂದೆಗೆ ಇಂದಿಗೂ ಅದಿಲ್ಲ, ಮಗು ಎಷ್ಟೇ ತೀವ್ರ ಅಂಗವೈಕಲ್ಯದ್ದಾಗಿರಲಿ. ಹಿಮಾಚಲ ಪ್ರದೇಶದ ಕಾಲೇಜು ಅಧ್ಯಾಪಕಿಯೊಬ್ಬರ ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲ ಮಗುವಿನ ತಾಯಿಗೆ ಈ ರಜೆ ಕೊಡದಿರುವುದು ಹೆಂಗಸರು ದುಡಿಮೆಯಲ್ಲಿ ಸಮಾನವಾಗಿ ಪಾಲ್ಗೊಳ್ಳಬೇಕೆಂಬ ಸಂವಿಧಾನದ ಆಶಯಕ್ಕೆ ವಿರುದ್ಧ ಎಂದಿತು.

ಕೈಕೆಲಸಕ್ಕೆ ಮೊದಲ ಬಾರಿ ಕಾನೂನಿನ ಹೆಸರು ಸಿಕ್ಕಿದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಲ್ಲಿ. ತಂದೆತಾಯಿ, ಮನೆಯವರು ಸೇರಿ, ಹಣ ಪಡೆದೋ ಪಡೆಯದೆಯೋ ಅಂಗವಿಕಲರಿಗೆ ಆರೈಕೆ, ಆಸರೆ, ನೆರವು ಕೊಡುವ ಯಾರೇ ಆದರೂ ಆರೈಕೆದಾರರು ಎಂದು ಅದು ವ್ಯಾಖ್ಯಾನಿಸುತ್ತದೆ. ಹೆಚ್ಚಿನ ನೆರವು ಬೇಕಿರುವವರಿಗೆ ಆರೈಕೆದಾರರ ಭತ್ಯೆ ಕೊಡುವ ಯೋಜನೆ ಮಾಡಬೇಕೆಂದು ಅದರ 24ನೇ ಕಲಂ ಸರ್ಕಾರಗಳಿಗೆ ಹೇಳುತ್ತದೆ. ಕರ್ನಾಟಕದ 2024–25ರ ಬಜೆಟ್ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 33 ರೂಪಾಯಿ. ಕೂಲಿ ಬಿಟ್ಟು ಮಗುವಿನ ಬಳಿ ಉಳಿದ ತಾಯಿಗೆ ಅದು ಒಂದು ದಿನದ ಹಾಲಿನ ದುಡ್ಡಿಗಿಂತ ಹೆಚ್ಚಲ್ಲ. ವಿಜ್ಞಾನೇಶ್ವರನ ಗ್ರಂಥ ಹೆಸರಿಸದೆ ಬಿಟ್ಟವಳು ಸರ್ಕಾರದ ಫಲಾನುಭವಿಗಳ ಪಟ್ಟಿಯಲ್ಲಿ ತನ್ನ ಕೆಲಸದ ಹೆಸರಿನಿಂದಲೇ ಕಾಣಿಸಿಕೊಳ್ಳಲು ಸುಮಾರು ಒಂಬೈನೂರು ವರ್ಷ ಹಿಡಿಯಿತು.